ಸಾಂದ್ರಮುದ್ರಿಕೆಯೂ ತಂತಿಯಿಲ್ಲದ ಶ್ರವಣವೂ

ಒಂದು ಸಾಧನದ ಮುಖ್ಯ ಗುಣವನ್ನು ಇನ್ನೊಂದು ಸಾಧನ ಕುಗ್ಗಿಸುತ್ತದೆಂದು ತಿಳಿದ ಮೇಲೂ ಅವೆರಡನ್ನೂ ಜೊತೆಗೂಡಿಸುವುದು ವಿವೇಕವೇ ಎಂಬ ಪ್ರಶ್ನೆ, ಕೈಯಲ್ಲಿ ಒಯ್ಯುವ ಸಿ.ಡಿ. ಪ್ಲೇಯರಿಗೆ ಬ್ಲೂಟೂತ್ ಹೆಡ್‌ಫೋನ್ ಹೊಂದಿಸಿ ಹಾಡು ಕೇಳುವವರನ್ನು ಕಂಡಾಗ ಏಳುವುದು ಸಹಜ. ಆಕ್ಷೇಪಕ್ಕೆ ಲೆಕ್ಕದ ಬೆಂಬಲವಿದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಾಂದ್ರಮುದ್ರಿಕೆ, ಅಂದರೆ ಸಿ.ಡಿ., ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುವುದರಿಂದ, ಎಡ ಬಲ ಎರಡೂ ಸೇರಿ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್‌ಗಳು ಹರಿಯುತ್ತವೆ. ಬ್ಲೂಟೂತ್‌ನ ಸಾಮಾನ್ಯ ಕೋಡೆಕ್, ಅಂದರೆ ಧ್ವನಿಯನ್ನು ಕುಗ್ಗಿಸಿ ಕಳುಹಿಸಿ ಆಚೆ ತುದಿಯಲ್ಲಿ ಮತ್ತೆ ಬಿಡಿಸುವ ಕ್ರಮ, ಇದರ ಕಾಲುಭಾಗಕ್ಕಿಂತ ಹೆಚ್ಚನ್ನು ದಾಟಿಸುವುದಿಲ್ಲ. ಹಳೆಯ ಪ್ಲೇಯರಿಗೆ ಹೊರಗಿನಿಂದ ಬ್ಲೂಟೂತ್ ಪ್ರೇಷಕವನ್ನು ಸಿಕ್ಕಿಸಿದರಂತೂ ಅಂಕಿಗಳು ಅಲೆಯಾಗಿ, ಅಲೆ ಮತ್ತೆ ಅಂಕಿಗಳಾಗಿ, ಕಿವಿಯ ಬಳಿ ಇನ್ನೊಮ್ಮೆ ಅಲೆಯಾಗಬೇಕು.

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಈ ಲೆಕ್ಕ ಅಪರಿಚಿತವಾಗಿರಲಾರದು. 1954ರಲ್ಲಿ ಸ್ಥಾಪನೆಯಾಗಿ ಪಕ್ಕದ ಜಾಲಹಳ್ಳಿಯಲ್ಲಿ ಬೆಳೆದ ಬಿ.ಇ.ಎಲ್. (ಭಾರತ್ ಎಲೆಕ್ಟ್ರಾನಿಕ್ಸ್) ಸಂಸ್ಥೆ 1960ರ ದಶಕದಲ್ಲೇ ರೇಡಿಯೊ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ಆಕಾಶವಾಣಿಗೆ ಬೇಕಾದ ಪ್ರೇಷಕಗಳನ್ನೂ ತಯಾರಿಸಿತು. ಆ ಸಂಸ್ಥೆಯ ಹೆಸರನ್ನೇ ಹೊತ್ತ ಬಡಾವಣೆ ವಿದ್ಯಾರಣ್ಯಪುರದಲ್ಲಿದೆ. ಗಾಳಿಯಲ್ಲಿ ಧ್ವನಿ ಕಳುಹಿಸುವಾಗ ಏನನ್ನಾದರೂ ಬಿಟ್ಟುಕೊಡಲೇಬೇಕೆಂಬುದು ರೇಡಿಯೊ ಬಲ್ಲವರಿಗೆ ಕಸುಬಿನ ಮೊದಲ ಪಾಠ. ಆದ್ದರಿಂದ ಇಲ್ಲಿ ಕೇಳಬೇಕಾದದ್ದು ನಷ್ಟವಾಯಿತೇ ಎಂದಲ್ಲ, ಯಾವ ಬಗೆಯ ನಷ್ಟ ಎಂದು.

ತಂತಿಯ ಕಾಲವೂ ಅಷ್ಟೇನು ಪರಿಶುದ್ಧವಾಗಿರಲಿಲ್ಲ ಎಂಬುದನ್ನು ಶುದ್ಧತಾವಾದಿಗಳು ಮರೆಯುತ್ತಾರೆ. 1984ರಲ್ಲಿ ಸೋನಿ ಕಂಪನಿ ಹೊರತಂದ ಡಿ-50ರಂಥ ಮೊದಲ ಒಯ್ಯುವ ಪ್ಲೇಯರುಗಳು ಅಲುಗಾಡಿದರೆ ತಡವರಿಸುತ್ತಿದ್ದವು. ಲೇಸರ್ ಕಿರಣ ತನ್ನ ಸಾಲು ತಪ್ಪುವುದೇ ಇದಕ್ಕೆ ಕಾರಣ. ಮುಂದೆ ಕೆಲವು ಸೆಕೆಂಡುಗಳ ಧ್ವನಿಯನ್ನು ಮುಂಚಿತವಾಗಿ ಓದಿ ಸ್ಮೃತಿಯಲ್ಲಿಡುವ ಏರ್ಪಾಡು ಬಂದಾಗ, ಎಷ್ಟೋ ಮಾದರಿಗಳು ಆ ಸ್ಮೃತಿಗೆ ಸೇರಿಸುವ ಮೊದಲೇ ಧ್ವನಿಯನ್ನು ಕುಗ್ಗಿಸುತ್ತಿದ್ದವು. ಮೆಜೆಸ್ಟಿಕ್ಕಿಗೆ ಹೊರಟ ಬಸ್ಸಿನ ಕುಲುಕಾಟಕ್ಕೆ ಅಂಜಿ ಆ ಏರ್ಪಾಡಿನ ಗುಂಡಿ ಒತ್ತಿದವರು, ತಂತಿ ಇದ್ದರೂ, ಪೂರ್ಣ ಸಿ.ಡಿ.ಯನ್ನು ಕೇಳುತ್ತಿರಲಿಲ್ಲ. ಅಂಥ ಬಸ್ಸಿನ ಗದ್ದಲದಲ್ಲಿ ಬ್ಲೂಟೂತ್ ಬಿಟ್ಟುಕೊಟ್ಟ ಮುಕ್ಕಾಲು ಬಿಟ್‌ಗಳನ್ನು ಹುಡುಕುವ ಕಿವಿಯೂ ಅಪರೂಪವೇ ಸರಿ.

ಸಿ.ಡಿ. ಬಿಲ್ಲೆ ಕಾಪಾಡುವುದು ಬಿಟ್‌ಗಳನ್ನಷ್ಟೇ ಅಲ್ಲ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ರಾಗಾಲಾಪನೆ, ತಾನ, ಪಲ್ಲವಿ ಒಂದರಿಂದೊಂದು ಹುಟ್ಟಿಬರುತ್ತವೆ. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದೊಡನೆ ಕಡಿದುಹೋಗುತ್ತಿದ್ದ ಆ ಹರಿವಿಗೆ ಸಿ.ಡಿ. ಸುಮಾರು 74 ನಿಮಿಷಗಳ ಅಖಂಡ ಅವಕಾಶ ಕೊಟ್ಟಿತು. ಭಾವಗೀತೆಯ ವಿಷಯ ಬೇರೆ. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ನಿಸಾರ್ ಅಹಮದರ ಕವಿತೆಗಳು ಮನೆಮನೆ ಸೇರಿದ ಪರಂಪರೆಯಲ್ಲಿ ಕವಿಯ ಹೆಸರು ಗಾಯಕರ ಹೆಸರಿನಷ್ಟೇ ಮುಖ್ಯ. ಅದು ಹೊದಿಕೆಯ ಮೇಲೆ ಅಚ್ಚಾಗಿರುತ್ತದೆ. ಮೊಬೈಲಿನ ಸಂಗೀತ ಆ್ಯಪ್‌ಗಳಲ್ಲಿ ಹಲವು ವೇಳೆ ಗಾಯಕರೊಬ್ಬರೇ ಉಳಿಯುತ್ತಾರೆ. ಪರವಾನಗಿ ಮುಗಿದ ದಿನ ಹಾಡೇ ಪಟ್ಟಿಯಿಂದ ಕಾಣೆಯಾಗಬಹುದು, ಚಂದಾದಾರನಿಗೆ ಅದನ್ನು ಮರಳಿ ಕೇಳುವ ಹಕ್ಕಿಲ್ಲ. ಕಪಾಟಿನಲ್ಲಿರುವ ಬಿಲ್ಲೆಗೆ ಆ ಗತಿಯಿಲ್ಲ.

ಹೀಗೆ ಬ್ಲೂಟೂತಿನ ನಷ್ಟ, ಆ್ಯಪ್‌ಗಳ ನಷ್ಟ ಎರಡರ ತೂಕ ಬೇರೆಯಾಗುತ್ತದೆ. ಬ್ಲೂಟೂತ್ ಕಸಿದುಕೊಂಡದ್ದು ಆ ಹೊತ್ತಿನ ಶ್ರವಣದಿಂದ ಮಾತ್ರ. ಬಿಲ್ಲೆಯ ಮೇಲಿನ ಒಂದು ಬಿಟ್ಟನ್ನೂ ಅದು ಮುಟ್ಟಿಲ್ಲ. ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತ, ಹತ್ತು ಮೀಟರಿನೊಳಗೆ ಕೈ ಬಿಡುವಾಗಿ ಕೇಳುವ ಅನುಕೂಲಕ್ಕೆ ಇದು ದುಬಾರಿ ಬೆಲೆಯಲ್ಲ. ಬಿಲ್ಲೆ ಅಮರವೆಂದೇನೂ ಇದರ ಅರ್ಥವಲ್ಲ, ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳು ಬೇಗ ಕೆಡುತ್ತವೆ. ಆದರೆ ಜೋಪಾನವಾಗಿಟ್ಟ ಅಚ್ಚಿನ ಸಿ.ಡಿ.ಗಿಂತ ಮೊದಲು ಸಾಯುವುದು ಹೆಡ್‌ಫೋನಿನೊಳಗೆ ಅಂಟಿಸಿಟ್ಟ, ಬದಲಾಯಿಸಲು ಬಾರದ ಪುಟ್ಟ ಲಿಥಿಯಂ ಬ್ಯಾಟರಿ. ಆಗ ಪ್ಲೇಯರಿನ ಪಕ್ಕದ 3.5 ಮಿಲಿಮೀಟರ್ ತೂತಿಗೆ ಹಳೆಯ ತಂತಿಯನ್ನೇ ಹುಡುಕಿ ತಂದು ಸಿಕ್ಕಿಸಬೇಕಾಗುತ್ತದೆ.