ನೆಲ ಗೆಲ್ಲುವ ಮಾತು

ಬೀದರ ನಗರದ ಬಂಧುಗಳೊಬ್ಬರ ಮನೆಯಲ್ಲಿ ಇಷ್ಟಲಿಂಗ ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆವು. ಹತ್ತನೆಯ ತರಗತಿಯಲ್ಲಿ ಓದುವ ಅವರ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದು, “ಕಾಕಾ, ‘ಗೇನ್ ಗ್ರೌಂಡ್’ ಅಂದ್ರ ಹೊಲ ಗಳಿಸೋದೇನ್ರಿ?” ಎಂದು ಕೇಳಿದಳು. ತಂದೆಯವರು ನಕ್ಕರು. ನಮಗೆ ನಗು ಬರಲಿಲ್ಲ. ಪದಕ್ಕೆ ಪದ ಇಟ್ಟರೆ ಅರ್ಥ ಅದೇ ಆಗುತ್ತದಲ್ಲವೆ?

ಒಂದು ವಿಚಾರವೋ ಪದ್ಧತಿಯೋ ಜನರಲ್ಲಿ ಬರಬರುತ್ತ ಹಬ್ಬಿ ಮನ್ನಣೆ ಪಡೆಯುವುದನ್ನು ಇಂಗ್ಲಿಷರು ಹೀಗೆನ್ನುತ್ತಾರೆ. ನಮ್ಮ ‘ಬೇರೂರಿತು’ ಎಂಬ ಮಾತು ಇದಕ್ಕೆ ಹತ್ತಿರದ್ದಾದರೂ ಬೇರೂರಿದ್ದು ನಿಂತಲ್ಲಿಯೇ ನಿಲ್ಲುತ್ತದೆ. ಇದರಲ್ಲಿ ರಣರಂಗದ ಚಿತ್ರವಿದೆ: ಎದುರಿಗೆ ತಡೆಯೊಂದಿದೆ, ಅದನ್ನು ಸರಿಸುತ್ತ ಅಡಿಯಡಿಯಾಗಿ ಮುಂದೆ ಸಾಗಬೇಕು. ಆದಕಾರಣ ತೊಗರಿ ಚೆನ್ನಾಗಿ ಬೆಳೆಯಿತು ಎನ್ನಲು ಇದು ಸಲ್ಲದು. ಜಾತ್ರೆಗೆ ಒಮ್ಮೆಲೆ ಜನ ಸೇರಿದರು ಎನ್ನಲೂ ಸಲ್ಲದು. ಈ ಅರ್ಥದಲ್ಲಿ ನಡುವೆ ‘ದಿ’ ಸೇರಿಸುವುದು ತಪ್ಪು. ನಮ್ಮ ಮಕ್ಕಳು ಎಡವುವುದು ಬಹುಮಟ್ಟಿಗೆ ಅಲ್ಲಿಯೇ.

ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಲಿಲ್ಲ. ನಿಜಾಮರ ಆಳಿಕೆಯಲ್ಲಿ ಉರ್ದು ರಾಜಭಾಷೆಯಾಗಿದ್ದಾಗ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅವರ ಜನ್ಮಸ್ಥಳ ಕಮಲನಗರ, ಅಂದಿನ ಔರಾದ ತಾಲ್ಲೂಕಿನ ಗಡಿಯೂರು. ಕನ್ನಡದೊಂದಿಗೆ ಮರಾಠಿಯೂ ಮನೆಮಾತಾಗಿರುವ ಸೀಮೆ. ಅಲ್ಲಿಯ ಮಗುವಿಗೆ ಕನ್ನಡ ಅಕ್ಷರ ದೊರೆಯಬೇಕಾದರೆ ಬರಿಯ ಅಭಿಮಾನ ಸಾಲದು. ಶಾಲೆ ಬೇಕು, ಉಳಿಯಲು ತಾವು ಬೇಕು, ಹೊತ್ತಿಗೆ ಪ್ರಸಾದ ಬೇಕು. ಪೂಜ್ಯರು ಇದನ್ನು ಅರಿತಿದ್ದರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು; 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಫಲಕ ಅದಕ್ಕೂ ಹಿಂದಿನ ಮಾತು. 1999ರಲ್ಲಿ ಅವರು ಲಿಂಗೈಕ್ಯರಾದಾಗ ಈ ನೆಲದ ಕನ್ನಡ ಎಷ್ಟು ಅಡಿ ಮುಂದೆ ಬಂದಿತ್ತೆಂಬುದನ್ನು ಹಿರಿಯ ಓದುಗರು ಬಲ್ಲರು.

‘ಕನ್ನಡ ಗೇನ್ಡ್ ಗ್ರೌಂಡ್ ಇನ್ ಭಾಲ್ಕಿ’ ಎಂದು ಹುಡುಗಿ ಬರೆದಳು. ಸರಿಯಾಗಿತ್ತು. ಗಳಿಸಿದ್ದು ಕೈಬಿಡುತ್ತ ಬಂದರೆ ಏನೆನ್ನಬೇಕೆಂದು ಕೇಳಿದಳು. ‘ಲೂಸ್ ಗ್ರೌಂಡ್’ ಎಂದು ಹೇಳಿಕೊಟ್ಟೆವು. ತುಸು ಯೋಚಿಸಿ ಎರಡನೆಯ ವಾಕ್ಯ ಬರೆದು ನಮ್ಮ ಮುಂದಿಟ್ಟಳು: ‘ಕನ್ನಡ ಈಸ್ ಲೂಸಿಂಗ್ ಗ್ರೌಂಡ್ ಇನ್ ಅವರ್ ಹೌಸ್.’

ಅವಳ ತಮ್ಮ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ಅಭ್ಯಾಸವಾಗಲೆಂದು ತಂದೆಯವರು ಅವನೊಡನೆ ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡುತ್ತಾರೆ. ಇಂಗ್ಲಿಷ್ ಬೇಡವೆನ್ನುವವರು ನಾವಲ್ಲ. ಆ ಹೊತ್ತು ಕಲಿಸುತ್ತಿದ್ದುದೂ ಅದನ್ನೇ.

“ತಪ್ಪೇನಾದ್ರೂ ಅದೇನ್ರಿ, ಕಾಕಾ?” ಎಂದಳು. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ಹಾಗೆಂದೇ ಹೇಳಿದೆವು. ತಂದೆಯವರು ಹಾಳೆಯನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿದರು.