ಬಲೂನು ಉಬ್ಬಿದರೆ ಪಾಠ ಮುಗಿಯಿತೇ?

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠ ಯಾರ ಪಾಲಿಗೆ ಬಂದರೂ ನಾವು ಪ್ರಶಿಕ್ಷಣಾರ್ಥಿಗಳು ಮಾಡಿ ತೋರಿಸುವ ಪ್ರಯೋಗ ಒಂದೇ. ಬಾಟಲಿಯಲ್ಲಿ ಬೆಚ್ಚಗಿನ ಸಕ್ಕರೆ ನೀರು, ಅದಕ್ಕೊಂದು ಚಮಚ ಯೀಸ್ಟ್, ಬಾಯಿಗೊಂದು ಬಲೂನು. ಇಪ್ಪತ್ತು–ಮೂವತ್ತು ನಿಮಿಷದಲ್ಲಿ ಬಲೂನು ಎದ್ದು ನಿಲ್ಲುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣದ ಬಳಕೆ ಉತ್ತಮ’ ಎಂಬ ಷರಾ ಬೀಳುತ್ತದೆ. ನನಗೂ ಬಿತ್ತು. ಈಗ ಅದನ್ನು ಓದಿದರೆ ಮುಜುಗರವಾಗುತ್ತದೆ.

ಆ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಯೀಸ್ಟ್ ಬೆಳೀತಾ, ಇಲ್ಲಾ ಬರೀ ಗಾಳಿ ಬಿಡ್ತಾ?” ಎಂದು ಕೇಳಿದಳು. ಬೆಳೆದದ್ದರಿಂದಲೇ ಗಾಳಿ ಬಂತು ಎಂದು ಹೇಳಿ ಕೂರಿಸಿದೆ. ತಪ್ಪು ಹೇಳಿದ್ದೆ. ಎಲ್ಲ ಅನುಕೂಲವಿದ್ದರೂ ಯೀಸ್ಟ್‌ನ ಒಂದು ಕೋಶ ಎರಡಾಗಲು ಸುಮಾರು ಒಂದೂವರೆಯಿಂದ ಎರಡು ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಉಬ್ಬಿದ ಬಲೂನಿಗೂ ಬೆಳವಣಿಗೆಗೂ ಸಂಬಂಧ ಕಡಿಮೆ. ನಾನು ಸುರಿದ ಚಮಚದಲ್ಲೇ ಇದ್ದ ಕೋಟಿ ಕೋಟಿ ಕೋಶಗಳು ಸಕ್ಕರೆಯನ್ನು ಒಡೆದು ಇಂಗಾಲದ ಡೈಆಕ್ಸೈಡ್ ಬಿಟ್ಟಿದ್ದವು, ಅಷ್ಟೇ. ಬರೀ ಸಕ್ಕರೆ ನೀರಿನಲ್ಲಿ ಸಾರಜನಕವಿಲ್ಲ, ಹಾಗಾಗಿ ಅವು ಅಲ್ಲಿ ಹೆಚ್ಚು ಬೆಳೆಯಲಾರವು ಕೂಡ. ಪಾಠದ ಹೆಸರು ಸೂಕ್ಷ್ಮಜೀವಿಗಳು, ತೋರಿಸಿದ್ದು ಅನಿಲ.

ಬೆಳವಣಿಗೆ ತೋರಿಸಬೇಕಾದರೆ ಫರ್ಮೆಂಟರ್ ಬೇಕು. ಹೆಸರು ಕೇಳಿ ಹೆದರಬೇಕಿಲ್ಲ. ಒಂದು ಪಾತ್ರೆ, ಒಳಗೆ ಬೇಯಿಸಿ ಶುದ್ಧಗೊಳಿಸಿದ ಆಹಾರ, ನಮಗೆ ಬೇಕಾದ ಒಂದೇ ಜೀವಿ, ಹಿಡಿತದಲ್ಲಿರುವ ಗಾಳಿ ಮತ್ತು ಉಷ್ಣತೆ. ಅಮ್ಮನ ದೋಸೆ ಹಿಟ್ಟಿನ ಪಾತ್ರೆಗೂ ಇದಕ್ಕೂ ಇರುವ ವ್ಯತ್ಯಾಸ ಆ ಹಿಡಿತವೊಂದೇ. ದೋಸೆ ಹಿಟ್ಟಿನಲ್ಲಿ ಯಾರು ಬಂದು ಬೆಳೆಯುತ್ತಾರೆಂಬುದನ್ನು ನಾವು ಆರಿಸುವುದಿಲ್ಲ.

ಎರಡನೆಯ ಶಾಲೆಯಲ್ಲಿ ನಾನು ಕಟ್ಟಿದ್ದು ಇದು. ಪ್ರಯೋಗಾಲಯದ ಅರ್ಧ ಲೀಟರಿನ ಶಂಕುವಿನಾಕಾರದ ಗಾಜಿನ ಫ್ಲಾಸ್ಕು. ಎರಡು ತೂತಿನ ರಬ್ಬರ್ ಬಿರಡೆ, ಅದಕ್ಕೆ ನಾನೇ ಕೊರೆದ ಮೂರನೆಯ ತೂತು. ಒಂದರಲ್ಲಿ ತಳದವರೆಗೆ ಇಳಿಯುವ ಗಾಳಿಯ ಕೊಳವೆ, ಅದರ ಇನ್ನೊಂದು ತುದಿಗೆ ಮೀನಿನ ತೊಟ್ಟಿಯ ಪಂಪು, ನಡುವೆ ಹತ್ತಿ ತುರುಕಿದ ಸಣ್ಣ ಗಾಜಿನ ಕೊಳವೆ. ಇನ್ನೊಂದರಲ್ಲಿ ಗಾಳಿ ಹೊರಹೋಗುವ ದಾರಿ, ಅದಕ್ಕೂ ಹತ್ತಿ. (ಇದನ್ನು ಎಂದೂ ಮುಚ್ಚಬಾರದು, ಗಾಜು ಸಿಡಿಯುತ್ತದೆ.) ಮೂರನೆಯದು ಮಾದರಿ ತೆಗೆಯಲು, ತುದಿಗೆ ಕ್ಲಿಪ್ಪು ಮತ್ತು ಸೂಜಿಯಿಲ್ಲದ ಸಿರಿಂಜು. ಒಳಗೆ ಆಲೂಗಡ್ಡೆ ಬೇಯಿಸಿ ಬಸಿದ ತಿಳಿನೀರು 300 ಮಿಲಿ, ಒಂದು ಚಮಚ ಸಕ್ಕರೆ. ಬಿರಡೆಯನ್ನು ಸಡಿಲವಾಗಿಟ್ಟು ದೊಡ್ಡ ಕುಕ್ಕರಿನಲ್ಲಿ ಒತ್ತಡ ಬಂದ ಮೇಲೆ 20 ನಿಮಿಷ. ಆ ಒತ್ತಡದಲ್ಲಿ ಉಷ್ಣತೆ 120 ಡಿಗ್ರಿಯ ಆಸುಪಾಸು ಇರುತ್ತದೆ. ಕುಕ್ಕರ್ ತಾನಾಗಿ ತಣಿಯಲು ಬಿಡಬೇಕು, ಅವಸರದಲ್ಲಿ ಆವಿ ಬಿಟ್ಟರೆ ಫ್ಲಾಸ್ಕಿನ ದ್ರವವೆಲ್ಲ ಉಕ್ಕಿ ಹತ್ತಿಗೆ ಬರುತ್ತದೆ. ಪೂರ್ತಿ ತಣಿದ ಮೇಲೆ ಬೇಕರಿ ಯೀಸ್ಟ್, ಚಮಚವಲ್ಲ, ಚಿಟಿಕೆ. ಕಡಿಮೆ ಹಾಕಿದರೆ ತಾನೇ ಹೆಚ್ಚಾದದ್ದು ಕಾಣುವುದು!

ಅಳೆಯಲು ಯಂತ್ರ ಬೇಕಿಲ್ಲ. ಸಿರಿಂಜಿಗೆ ಮೊದಲು ಬಂದದ್ದು ಕೊಳವೆಯಲ್ಲಿ ನಿಂತಿದ್ದ ಹಳೆಯ ದ್ರವ, ಅದನ್ನು ಚೆಲ್ಲಬೇಕು. ಆಮೇಲೆ ಬಂದ ಒಂದಳತೆಯನ್ನು ಪ್ರನಾಳಕ್ಕೆ ಹಾಕಿ, ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿದು, ಗೆರೆ ಕಾಣುವವರೆಗೆ ಅಳತೆಯಲ್ಲಿ ನೀರು ಸೇರಿಸುತ್ತ ಹೋಗುವುದು. ಬೆಳಿಗ್ಗೆ ನೀರೇ ಬೇಕಾಗಲಿಲ್ಲ. ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ನಾಲ್ಕಳತೆ ನೀರು ಬೇಕಾಯಿತು. ಪಕ್ಕದಲ್ಲಿ ಪಂಪು ಹಾಕದೆ ಇಟ್ಟಿದ್ದ ಜೊತೆ ಫ್ಲಾಸ್ಕಿಗೆ ಸಾಕಾದದ್ದು ಎರಡಳತೆ. ಗಾಳಿ ಸಿಕ್ಕ ಯೀಸ್ಟ್ ಅಷ್ಟೇ ಸಕ್ಕರೆಯಿಂದ ಹೆಚ್ಚು ಕೋಶ ಕಟ್ಟುತ್ತದೆ ಎಂಬ ವಾಕ್ಯವನ್ನು ನಾನು ಹಲಗೆಯ ಮೇಲೆ ಬರೆಯಲೇ ಇಲ್ಲ. ಮಕ್ಕಳೇ ಹೇಳಿದರು.

ಗಾಳಿಯ ವಿಷಯಕ್ಕೆ ಪೆನಿಸಿಲಿನ್ ಕಥೆ ಚೆನ್ನಾಗಿ ಒಪ್ಪುತ್ತದೆ. ಆಕ್ಸ್‌ಫರ್ಡಿನಲ್ಲಿ ನಾರ್ಮನ್ ಹೀಟ್ಲಿ ಆ ಬೂಷ್ಟನ್ನು ಬೆಳೆಸಲು ರೋಗಿಗಳ ಬೆಡ್‌ಪ್ಯಾನ್‌ಗಳನ್ನೂ ಬಳಸಿದ. ಬೂಷ್ಟು ದ್ರವದ ಮೇಲ್ಮೈಯಲ್ಲಷ್ಟೇ ಹರಡುತ್ತಿದ್ದರಿಂದ ಅಗಲವಾದ ಪಾತ್ರೆ ಬೇಕಿತ್ತು. ಅಮೆರಿಕದಲ್ಲಿ ಶುದ್ಧ ಗಾಳಿಯನ್ನು ಒಳಗೆ ಊದಿ ಕಲಕುವ ಆಳವಾದ ತೊಟ್ಟಿಗಳು ಬಂದ ಮೇಲೆಯೇ ಔಷಧ ರಾಶಿಯಾಗಿ ಸಿಕ್ಕಿದ್ದು. ಬೆಡ್‌ಪ್ಯಾನ್ ಎಂದಾಗ ತರಗತಿ ನಕ್ಕಿತು, ಆದರೆ ಮರೆಯಲಿಲ್ಲ.

ಎರಡನೆಯ ದಿನ ಕೆಟ್ಟಿತು. ಬ್ರೆಡ್ಡಿನ ವಾಸನೆಯ ಬದಲು ಹಳೆಯ ಮಜ್ಜಿಗೆಯ ಹುಳಿ ವಾಸನೆ. ಮರುದಿನ ನನ್ನ ಪಾಠದ ವೀಕ್ಷಣೆ. ವೀಕ್ಷಕರೊಬ್ಬರು, “ಇದನ್ನು ಚೆಲ್ಲಿ, ಮನೆಯಿಂದ ಹೊಸದು ಮಾಡಿಕೊಂಡು ಬನ್ನಿ, ಅಂಕ ಹೋಗುತ್ತದೆ” ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಧೈರ್ಯವಾಗಿ ನಿರಾಕರಿಸಿದೆ ಎಂದರೆ ಸುಳ್ಳಾಗುತ್ತದೆ. ಹೊಸದನ್ನೂ ತಂದೆ, ಕೆಟ್ಟದ್ದನ್ನೂ ಮೇಜಿನ ಕೆಳಗಿಟ್ಟೆ. ಮಕ್ಕಳು ಕೇಳಿದ್ದು ಕೆಳಗಿದ್ದದ್ದನ್ನೇ.

ಅದನ್ನು ಮೇಲೆ ಇಟ್ಟೆವು. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೊಟ್ಟೆಯಾಕಾರದ ಯೀಸ್ಟ್ ಕೋಶಗಳ ನಡುವೆ ಅವಕ್ಕಿಂತ ತೀರ ಚಿಕ್ಕ ಚುಕ್ಕೆಗಳು ಮಿಣಮಿಣ ಓಡಾಡುತ್ತಿದ್ದವು. ಎಲ್ಲಿಂದ ಬಂದವು? ದಿನಚರಿ ಬರೆಯುತ್ತಿದ್ದ ಹುಡುಗ ಹಾಳೆ ತಿರುವಿದ: ಮೊದಲ ದಿನ ಮಧ್ಯಾಹ್ನ 3.10ಕ್ಕೆ ಕರೆಂಟು ಹೋಗಿತ್ತು. ಪಂಪು ಕೆಳಗಿನ ಹಲಗೆಯಲ್ಲಿತ್ತು. ಅದು ನಿಂತಾಗ ದ್ರವ ಕೊಳವೆಯಲ್ಲಿ ಹಿಂದಕ್ಕೆ ಏರಿ ಹತ್ತಿಯನ್ನು ನೆನೆಸಿತ್ತು. ಒದ್ದೆ ಹತ್ತಿ ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ. ಕಾರಣ ಹುಡುಕಿದ್ದು ಎಂಟನೆಯ ತರಗತಿಯ ಮಕ್ಕಳು, ಅವರೇ ಬರೆದ ಎರಡು ಸಾಲಿನಿಂದ. ಹೊಸ ಬಾಟಲಿ ಮಾತ್ರ ಮೇಜಿನ ಮೇಲಿದ್ದಿದ್ದರೆ ಇದು ನಡೆಯುತ್ತಿರಲಿಲ್ಲ.

ನನ್ನ ತಕರಾರು ಇಲ್ಲೇ ಇದೆ. ಸಕ್ಕರೆ ನೀರಿಗೆ ಯೀಸ್ಟ್ ಹಾಕಿ ನಾಲ್ಕೈದು ಗಂಟೆ ಬಿಟ್ಟು ಮೂಸಿ ನೋಡಿ ಎನ್ನುವ ಚಟುವಟಿಕೆ ನಾವು ಬೋಧಿಸಿದ ಪಠ್ಯಪುಸ್ತಕದಲ್ಲೇ ಇದೆ. ನಮ್ಮ ಪಾಠ ಯೋಜನೆ ಮಾತ್ರ 40 ನಿಮಿಷದಲ್ಲಿ ಪೀಠಿಕೆಯಿಂದ ಮೌಲ್ಯಮಾಪನದವರೆಗೆ ಎಲ್ಲವೂ ಮುಗಿಯಬೇಕೆನ್ನುತ್ತದೆ. ಹಾಗಾಗಿ ನಾವು 40 ನಿಮಿಷಕ್ಕೆ ಒಗ್ಗುವ ಪ್ರಯೋಗ ಆರಿಸುತ್ತೇವೆ, ವಿಷಯಕ್ಕೆ ಒಗ್ಗುವುದನ್ನಲ್ಲ. ಮೂರು ದಿನ ಓಡುವ ಒಂದು ಪಾಠವನ್ನು, ದಿನಕ್ಕೆ ಹತ್ತು ನಿಮಿಷದಂತೆ, ಒಂದು ಅಭ್ಯಾಸ ಪಾಠವೆಂದು ನಮ್ಮ ಕಾಲೇಜು ಒಪ್ಪಿಕೊಳ್ಳಬೇಕು. ಫ್ಲಾಸ್ಕು ಕೆಟ್ಟಿತೋ ಉಳಿಯಿತೋ ಎಂಬುದಕ್ಕಿಂತ ದಿನಚರಿಗೆ ಅಂಕ ಕೊಡಬೇಕು. ವೇಳಾಪಟ್ಟಿ ಕಷ್ಟ ಎನ್ನುವುದು ಗೊತ್ತು. ವಾರದ ಬೋಧನೆಯಲ್ಲಿ ನಾವು ಹೇಗೂ ದಿನವಿಡೀ ಶಾಲೆಯಲ್ಲೇ ಇರುತ್ತೇವಲ್ಲ?

ಎಚ್ಚರಿಕೆಗಳೂ ಇವೆ. ಬೇಕರಿ ಯೀಸ್ಟ್ ಬಿಟ್ಟು ಬೇರೇನನ್ನೂ ಬೆಳೆಸಬಾರದು. ಮಣ್ಣು, ಬೆರಳು, ಚರಂಡಿ ನೀರಿನಿಂದ ಏನು ಹುಟ್ಟುತ್ತದೆ ನೋಡೋಣ ಎನ್ನುವ ಉತ್ಸಾಹ ಅಪಾಯ, ರೋಗಾಣುಗಳನ್ನು ನಾವೇ ರಾಶಿ ಮಾಡಿದಂತಾದೀತು. ಯಾರೂ ರುಚಿ ನೋಡಬಾರದು. ಕೆಟ್ಟದ್ದೆಂದು ಕಂಡರೆ ಬಿರಡೆ ತೆಗೆದು ಮೂಸಲೂಬಾರದು. ಕೊನೆಗೆ ಎಲ್ಲವನ್ನೂ ಮತ್ತೆ ಕುಕ್ಕರಿನಲ್ಲಿ ಬೇಯಿಸಿಯೇ ಚೆಲ್ಲಬೇಕು.

“ಶಾಲೆಯಲ್ಲಿ ಸಾರಾಯಿ ಮಾಡೋದು ಕಲಿಸ್ತೀರಾ?” ಎಂದು ಪೋಷಕರೊಬ್ಬರು ಕೇಳಿದರು. ನುಣುಚಿಕೊಳ್ಳದೆ ಉತ್ತರಿಸಿದೆ. ಸಕ್ಕರೆ ಹೆಚ್ಚಿದ್ದರೆ ಗಾಳಿಯಿದ್ದರೂ ಯೀಸ್ಟ್ ಆಲ್ಕೋಹಾಲ್ ಮಾಡುತ್ತದೆ, ಅದಕ್ಕೇ ಯೀಸ್ಟ್ ತಯಾರಿಸುವ ಕಾರ್ಖಾನೆಗಳು ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಉಣಿಸಿ ಗಾಳಿಯನ್ನು ಧಾರಾಳವಾಗಿ ಕೊಡುತ್ತವೆ, ನಾವು ಬೆಳೆಸುತ್ತಿರುವುದೂ ಬ್ರೆಡ್ಡಿನ ಯೀಸ್ಟನ್ನೇ ಎಂದೆ. ಅವರು ಫ್ಲಾಸ್ಕನ್ನು ಸ್ವಲ್ಪ ಹೊತ್ತು ನೋಡಿ, ಪಂಪಿಗೆ ಎಷ್ಟಾಯಿತು ಎಂದು ಕೇಳಿ ಹೋದರು.

ಫ್ಲಾಸ್ಕು, ಮೂರು ತೂತಿನ ಬಿರಡೆ, ಪಂಪು, ಮಕ್ಕಳ ದಿನಚರಿ ಈಗ ಆ ಶಾಲೆಯ ವಿಜ್ಞಾನ ಕೊಠಡಿಯ ಕಪಾಟಿನಲ್ಲಿವೆ. ಮುಂದಿನ ತಂಡದಲ್ಲಿ ಅಲ್ಲಿಗೆ ಹೋಗುವವರು ಕೇಳಿ ಪಡೆಯಬಹುದು. ಪಂಪನ್ನು ಮೇಲಿನ ಹಲಗೆಯಲ್ಲಿಡಿ.