ವಿದೇಶ ವ್ಯಾಸಂಗ: ಸಮುದ್ರದ ನೆಂಟಸ್ತನ, ಇಂಗ್ಲಿಷಿಗೆ ಬಡತನ

ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಹೊರಡುವ ವಿದ್ಯಾರ್ಥಿಗೆ ಇಂಗ್ಲಿಷ್ ಪರೀಕ್ಷೆಯೆಂಬುದು ಬಹುಕಾಲ ವಿಮಾನವೇರುವ ಮುನ್ನ ದಾಟಬೇಕಾದ ಹೊಸ್ತಿಲು ಮಾತ್ರವಾಗಿತ್ತು. ಒಮ್ಮೆ ದಾಟಿದರೆ ಹಿಂತಿರುಗಿ ನೋಡುವ ಪ್ರಮೇಯ ಬಹುತೇಕರಿಗೆ ಇರಲಿಲ್ಲ. 2024ರಲ್ಲಿ ಆಸ್ಟ್ರೇಲಿಯಾ ಮತ್ತು ಕೆನಡಾ ಸರ್ಕಾರಗಳು ಜಾರಿಗೆ ತಂದ ನಿಯಮಗಳು ಈ ನಿಶ್ಚಿಂತೆಯನ್ನು ಕೊನೆಗೊಳಿಸಿವೆ. ಈಗ ಪದವಿ ಕೈಗೆ ಬಂದ ನಂತರವೂ ಭಾಷೆಯ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿಸಿಕೊಳ್ಳಬೇಕು.

ಆಸ್ಟ್ರೇಲಿಯಾ 2024ರ ಮಾರ್ಚ್ 23ರಿಂದ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐಇಎಲ್‌ಟಿಎಸ್ ಅಂಕವನ್ನು 5.5ರಿಂದ 6ಕ್ಕೆ ಏರಿಸಿತು. ವ್ಯಾಸಂಗ ಮುಗಿಸಿದವರು ಅಲ್ಲಿಯೇ ಕೆಲವು ವರ್ಷ ದುಡಿಯಲು ಪಡೆಯುವ ತಾತ್ಕಾಲಿಕ ಪದವೀಧರ ವೀಸಾಕ್ಕೆ ಈ ಮಟ್ಟ 6ರಿಂದ 6.5ಕ್ಕೆ ಏರಿತು. ಅದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿದೆ. ಈ ವೀಸಾಕ್ಕೆ ಹಿಂದೆ ಮೂರು ವರ್ಷ ಹಳೆಯ ಫಲಿತಾಂಶವೂ ಸಲ್ಲುತ್ತಿತ್ತು; ಈಗ ಅದು ಒಂದು ವರ್ಷದೊಳಗಿನದಾಗಿರಬೇಕು. ಅರ್ಥಾತ್, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬರೆದ ಪರೀಕ್ಷೆಯ ಅಂಕವನ್ನು ಎರಡು ವರ್ಷದ ಓದು ಮುಗಿದ ನಂತರ ಮುಂದಿಡುವಂತಿಲ್ಲ.

ಕೆನಡಾ 2024ರ ನವೆಂಬರ್ 1ರಿಂದ ವ್ಯಾಸಂಗೋತ್ತರ ಉದ್ಯೋಗ ಪರವಾನಗಿಗೆ ಭಾಷಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ವಿಶ್ವವಿದ್ಯಾಲಯದ ಪದವೀಧರರು ಕೇಳುವಿಕೆ, ಓದು, ಬರಹ, ಮಾತು ಎಂಬ ನಾಲ್ಕೂ ವಿಭಾಗಗಳಲ್ಲಿ ಆ ದೇಶದ ಭಾಷಾ ಮಾನದಂಡದ ಏಳನೆಯ ಹಂತವನ್ನು ಮುಟ್ಟಬೇಕು. ಐಇಎಲ್‌ಟಿಎಸ್ ಲೆಕ್ಕದಲ್ಲಿ ಇದು ಪ್ರತಿ ವಿಭಾಗದಲ್ಲೂ 6 ಅಂಕ. ಪ್ರವೇಶಕ್ಕಾಗಿ ಬರೆದ ಅಕಾಡೆಮಿಕ್ ಮಾದರಿಯ ಪರೀಕ್ಷೆ ಇದಕ್ಕೆ ಒಪ್ಪಿತವಲ್ಲ. ಜನರಲ್ ಮಾದರಿಯನ್ನೇ ಬರೆಯಬೇಕು.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ಪಡೆದ ಪದವಿಯೇ ಇಂಗ್ಲಿಷ್ ಜ್ಞಾನಕ್ಕೆ ಪುರಾವೆಯೆಂದು ಪರಿಗಣಿತವಾಗುತ್ತದೆ. ಆದರೆ ಕೆಲಸ ಹುಡುಕಿಕೊಳ್ಳಲು ಸಿಗುವ ಕಾಲಾವಕಾಶ ಕಿರಿದಾಗುತ್ತಿದೆ. 2027ರ ಜನವರಿ 1ರಿಂದ ಅರ್ಜಿ ಸಲ್ಲಿಸುವ ಸ್ನಾತಕ ಮತ್ತು ಸ್ನಾತಕೋತ್ತರ ಪದವೀಧರರಿಗೆ ಎರಡು ವರ್ಷದ ಬದಲು 18 ತಿಂಗಳು ಮಾತ್ರ ಎಂದು ಅಲ್ಲಿನ ಸರ್ಕಾರ ನಿಗದಿಪಡಿಸಿದೆ. ಸರ್ಕಾರ ಪರೀಕ್ಷೆ ನಡೆಸದಿದ್ದರೂ, ಉದ್ಯೋಗ ಸಂದರ್ಶನದಲ್ಲಿ ಕಂಪೆನಿಗಳು ನಡೆಸಿಯೇ ತೀರುತ್ತವೆ.

ಸಾಲ ಮಾಡಿ, ಮನೆಯನ್ನೋ ಜಮೀನನ್ನೋ ಅಡವಿಟ್ಟು ಮಕ್ಕಳನ್ನು ಕಳುಹಿಸುವ ಕುಟುಂಬಗಳ ಲೆಕ್ಕಾಚಾರ ನಿಂತಿರುವುದೇ ವ್ಯಾಸಂಗೋತ್ತರ ದುಡಿಮೆಯ ಮೇಲೆ. ಆ ದುಡಿಮೆಯ ಹಕ್ಕು ಈಗ ಭಾಷೆಯನ್ನು ಅವಲಂಬಿಸಿದೆ. ಹಾಗಿರುವಾಗ ಸಹಜವಾಗಿ ಏಳುವ ಪ್ರಶ್ನೆ: ಇಂಗ್ಲಿಷ್ ನಾಡಿನಲ್ಲೇ ಎರಡು ವರ್ಷ ಇದ್ದವರಿಗೆ ಇಂಗ್ಲಿಷ್ ತಾನಾಗಿಯೇ ಬಾರದೇ?

ನಂಬಿಕೆ ಮತ್ತು ವಾಸ್ತವ

ಬಾರದು ಎನ್ನುತ್ತವೆ ಅಧ್ಯಯನಗಳು. ಬಾರ್ಬರಾ ಫ್ರೀಡ್, ನಾರ್ಮನ್ ಸೆಗಲೊವಿಟ್ಜ್ ಮತ್ತು ಡ್ಯಾನ್ ಡ್ಯೂವಿ 2004ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಕ್ಷೇತ್ರದಲ್ಲಿ ಬಹು ಚರ್ಚಿತವಾದುದು. ಫ್ರೆಂಚ್ ಕಲಿಯುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಮೂರು ಗುಂಪುಗಳನ್ನು ಅವರು ಹೋಲಿಸಿದರು. ಒಂದು ಗುಂಪು ತನ್ನ ಕಾಲೇಜಿನಲ್ಲೇ ಎಂದಿನಂತೆ ಪಾಠ ಕೇಳಿತು. ಇನ್ನೊಂದು ಫ್ರಾನ್ಸಿಗೆ ಹೋಗಿ ನೆಲೆಸಿ ಓದಿತು. ಮೂರನೆಯದು ಅಮೆರಿಕದಲ್ಲೇ ಇದ್ದುಕೊಂಡು, ಸದಾ ಫ್ರೆಂಚಿನಲ್ಲೇ ವ್ಯವಹರಿಸಬೇಕಾದ ಬೇಸಿಗೆ ಶಿಬಿರದಲ್ಲಿ ಕೆಲವು ವಾರ ಕಳೆಯಿತು. ಮಾತಿನ ಸರಾಗತೆಯಲ್ಲಿ ಹೆಚ್ಚು ಮುಂದೆ ಹೋದವರು ಫ್ರಾನ್ಸಿಗೆ ಹೋದವರಾಗಿರಲಿಲ್ಲ, ಶಿಬಿರದವರಾಗಿದ್ದರು. ಕಾರಣವೂ ಸರಳ. ತರಗತಿಯ ಹೊರಗೆ ಫ್ರೆಂಚನ್ನು ಹೆಚ್ಚು ಬಳಸಿದವರು ಶಿಬಿರಾರ್ಥಿಗಳು. ಫ್ರಾನ್ಸಿನಲ್ಲಿದ್ದವರು ತಮ್ಮ ತಮ್ಮಲ್ಲಿ ಇಂಗ್ಲಿಷಿನಲ್ಲೇ ಕಾಲ ಕಳೆದಿದ್ದರು.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಭಾರತೀಯ ವಿದ್ಯಾರ್ಥಿಗಳ ದಿನಚರಿಗೂ ಇದು ಅನ್ವಯಿಸುತ್ತದೆ. ಟೊರಾಂಟೊ ಬಳಿಯ ಬ್ರಾಂಪ್ಟನ್, ಸಿಡ್ನಿಯ ಹ್ಯಾರಿಸ್ ಪಾರ್ಕ್, ಇಂಗ್ಲೆಂಡಿನ ಲೆಸ್ಟರ್‌ನಂತಹ ಕಡೆ ಅಂಗಡಿ, ಬಾಡಿಗೆ ಮನೆ, ಊಟ ಎಲ್ಲವೂ ಭಾರತೀಯ ಭಾಷೆಗಳಲ್ಲೇ ದೊರೆಯುತ್ತವೆ. ಬಾಡಿಗೆ ದುಬಾರಿ, ಊರು ಹೊಸದು. ಹೀಗಾಗಿ ಕನ್ನಡದ ಹುಡುಗನೊಬ್ಬ ನಾಲ್ಕೈದು ಜನ ಕನ್ನಡ, ತೆಲುಗು, ಹಿಂದಿ ಮಾತನಾಡುವವರೊಡನೆ ಮನೆ ಹಂಚಿಕೊಳ್ಳುವುದು ತೀರಾ ಸಹಜ. ಇದರಲ್ಲಿ ತಪ್ಪೂ ಇಲ್ಲ. ಆದರೆ ಆ ಮನೆಯ ಹೊರಗೆ ಇಂಗ್ಲಿಷ್ ಬಳಸುವ ಅವಕಾಶಗಳನ್ನು ಯೋಚಿಸಿ ಕೂಡಿಸಿಕೊಳ್ಳದಿದ್ದರೆ, ದಿನಕ್ಕೆ ಹತ್ತು ವಾಕ್ಯಗಳೂ ಬಾಯಿಗೆ ಬಾರದೆ ದಿನಗಳು ಉರುಳುತ್ತವೆ.

ದುಡಿಮೆಯ ಆಯ್ಕೆಯೂ ಇಲ್ಲಿ ಮುಖ್ಯ. ತರಗತಿಗಳು ನಡೆಯುವ ಅವಧಿಯಲ್ಲಿ ಬ್ರಿಟನ್ ವಾರಕ್ಕೆ 20 ಗಂಟೆ, ಕೆನಡಾ 24 ಗಂಟೆ, ಆಸ್ಟ್ರೇಲಿಯಾ ಎರಡು ವಾರಕ್ಕೆ 48 ಗಂಟೆ ದುಡಿಯಲು ಅವಕಾಶ ನೀಡುತ್ತವೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ, ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಂಬಳ ಕೊಡುತ್ತದೆಯೇ ಹೊರತು ಭಾಷೆಯನ್ನು ಕೊಡುವುದಿಲ್ಲ. ಅಂಗಡಿಯ ಕೌಂಟರು, ಗ್ರಂಥಾಲಯ, ವೃದ್ಧಾಶ್ರಮಗಳಲ್ಲಿನ ಕೆಲಸ ಅದೇ ಗಂಟೆಗಳಲ್ಲಿ ಎರಡನ್ನೂ ಕೊಡಬಲ್ಲದು.

ಪರೀಕ್ಷೆಯ ಇಂಗ್ಲಿಷ್, ತರಗತಿಯ ಇಂಗ್ಲಿಷ್

ಐಇಎಲ್‌ಟಿಎಸ್‌ನಲ್ಲಿ ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಪ್ರಬಂಧ ಕನಿಷ್ಠ 250 ಪದ. ತರಬೇತಿ ಕೇಂದ್ರಗಳಲ್ಲಿ ಕೆಲವು ವಾರ ಅಭ್ಯಾಸ ಮಾಡಿ ಇಷ್ಟನ್ನು ನಿಭಾಯಿಸಬಹುದು. ಆದರೆ ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಬರೆಯಬೇಕಾದ ಪ್ರೌಢಪ್ರಬಂಧ ಸಾಮಾನ್ಯವಾಗಿ 10 ಸಾವಿರ ಪದಗಳಿಗೂ ಮಿಗಿಲು. ಸೆಮಿನಾರುಗಳಲ್ಲಿ ಪ್ರಾಧ್ಯಾಪಕರ ಮಾತಿಗೆ ಎದುರು ವಾದ ಹೂಡಬೇಕು. ಪಠ್ಯದ ಉತ್ತರವನ್ನು ಒಪ್ಪಿಸಿ ಅಂಕ ಗಳಿಸಿ ಬಂದವರು ತಬ್ಬಿಬ್ಬಾಗುವುದು ಇಲ್ಲಿಯೇ.

ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲೇ ದಿನನಿತ್ಯದ ಸಂಭಾಷಣೆಯ ಭಾಷೆ ಮತ್ತು ವ್ಯಾಸಂಗದ ಭಾಷೆ ಬೇರೆ ಬೇರೆ ಎಂದು ತೋರಿಸಿದರು. ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಸುಮಾರು ಎರಡು ವರ್ಷಗಳಲ್ಲಿ ಒಲಿದರೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ಇಂಗ್ಲಿಷಿನಲ್ಲೇ ಪದವಿ ಓದಿದ ಭಾರತೀಯ ಯುವಕರ ಸ್ಥಿತಿ ಬಹುಪಾಲು ಇದರ ತಿರುವುಮುರುವು: ಪಾರಿಭಾಷಿಕ ಪದಗಳು ಗೊತ್ತು, ಪಠ್ಯ ಓದಿದರೆ ಅರ್ಥವಾಗುತ್ತದೆ, ಆದರೆ ಗ್ಲಾಸ್ಗೋದ ಬಸ್ ಚಾಲಕನ ಮಾತು ತಿಳಿಯದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರೂ ಕಾನ್ವೆಂಟಿನಲ್ಲಿ ಕಲಿತವರೂ ಈ ವಿಷಯದಲ್ಲಿ ಹೆಚ್ಚುಕಡಿಮೆ ಒಂದೇ ದೋಣಿಯಲ್ಲಿದ್ದಾರೆ.

ಉಚ್ಚಾರಣೆಯ ಬಗ್ಗೆ ಇರುವ ಅಳುಕು ಅನಗತ್ಯ. ಬ್ರಿಟಿಷರಂತೆ ಮಾತನಾಡಲು ಹೆಣಗಬೇಕಾಗಿಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಸರಿಸುಮಾರು ಸಮನಾದ ಒತ್ತು ಬೀಳುತ್ತದೆ. ಇಂಗ್ಲಿಷಿನಲ್ಲಿ ಪದದ ಒಂದು ಭಾಗ ಮೇಲೆದ್ದು ಉಳಿದದ್ದು ಮಸುಕಾಗುತ್ತದೆ. ಕೇಳುವವರು ತಡವರಿಸುವುದಕ್ಕೆ ಈ ಲಯದ ವ್ಯತ್ಯಾಸವೇ ಒಂದು ಮುಖ್ಯ ಕಾರಣ. ಒತ್ತನ್ನು ಗಮನಿಸುತ್ತ ಬಂದರೆ ತೊಡಕು ಬಹಳಷ್ಟು ನೀಗುತ್ತದೆ. ಪದಗಳ ಅರ್ಥದಲ್ಲೂ ಎಚ್ಚರ ಬೇಕು. ಪ್ರಶ್ನೆಯೊಂದನ್ನು ಕೇಳಲು ‘ಡೌಟ್ ಇದೆ’ ಎನ್ನುವುದು ನಮ್ಮಲ್ಲಿ ವಿನಯ. ಅಲ್ಲಿ ಅದು ಹೇಳಿದವರ ಮಾತಿನಲ್ಲೇ ನಂಬಿಕೆಯಿಲ್ಲವೆಂಬ ಧ್ವನಿ ಕೊಡಬಹುದು.

ಮಾಡಬೇಕಾದುದೇನು?

ಸೌಲಭ್ಯಗಳ ಕೊರತೆಯಿಲ್ಲ. ಹಲವು ವಿಶ್ವವಿದ್ಯಾಲಯಗಳು ವ್ಯಾಸಂಗದ ಜೊತೆಜೊತೆಗೆ ಉಚಿತ ಇಂಗ್ಲಿಷ್ ತರಗತಿಗಳನ್ನೂ, ಬರವಣಿಗೆ ತಿದ್ದಿಕೊಳ್ಳಲು ನೆರವಾಗುವ ಕೇಂದ್ರಗಳನ್ನೂ ನಡೆಸುತ್ತವೆ. ಕೆನಡಾ ಮತ್ತು ಆಸ್ಟ್ರೇಲಿಯಾದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹೊಸಬರಿಗಾಗಿ ಸಂಭಾಷಣಾ ಕೂಟಗಳಿವೆ. ನೆರವು ಕೇಳುವುದು ಅವಮಾನವೆಂಬ ಭಾವನೆಯೇ ದೊಡ್ಡ ಅಡ್ಡಿ. ವಾಕ್ಯವನ್ನು ಕ್ಷಣಾರ್ಧದಲ್ಲಿ ತಿದ್ದಿಕೊಡುವ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಈ ಕೊರತೆಯನ್ನು ಮರೆಮಾಚುತ್ತವೆ. ಆದರೆ ಸಂದರ್ಶನದ ಕೊಠಡಿಗೆ ಅವುಗಳನ್ನು ಒಯ್ಯುವಂತಿಲ್ಲ.

ಮೊದಲ ಆರು ತಿಂಗಳೇ ನಿರ್ಣಾಯಕ. ಅಷ್ಟರೊಳಗೆ ಯಾರೊಡನೆ ಊಟ, ಯಾರೊಡನೆ ಓದು, ಯಾವ ಭಾಷೆಯಲ್ಲಿ ಹರಟೆ ಎಂಬುದೆಲ್ಲ ರೂಢಿಯಾಗಿಬಿಡುತ್ತದೆ. ಮತ್ತೆ ಬದಲಿಸುವುದು ಕಷ್ಟ. ಕ್ರೀಡೆಯೋ ನಾಟಕವೋ ಸ್ವಯಂಸೇವೆಯೋ, ಭಾರತೀಯರಲ್ಲದವರೊಡನೆ ವಾರವಾರ ಬೆರೆಯುವ ಒಂದಾದರೂ ಚಟುವಟಿಕೆಯನ್ನು ಆಗಲೇ ಹಿಡಿದುಕೊಳ್ಳುವುದು ಲೇಸು. ಮನೆಯಲ್ಲಿ ಕನ್ನಡವನ್ನು ಬಿಡಬೇಕಾದ ಅಗತ್ಯ ಇದಾವುದರಿಂದಲೂ ಬರುವುದಿಲ್ಲ.

ಪೋಷಕರೂ ಯೋಚಿಸಬೇಕಾದ ಮಾತೊಂದಿದೆ. ಯಾವ ದೇಶ, ಯಾವ ಕೋರ್ಸು, ಎಷ್ಟು ಶುಲ್ಕ ಎಂದು ವಿಚಾರಿಸುವ ಮನೆಗಳಲ್ಲಿ ಓದು ಮುಗಿದಾಗ ಯಾವ ಭಾಷಾ ಪರೀಕ್ಷೆ ಕಾದಿದೆ ಎಂದು ಕೇಳುವವರು ವಿರಳ. ಹೊಸ ನಿಯಮಗಳ ಕಾಲದಲ್ಲಿ ಸಾಲದ ಕಂತಿನಷ್ಟೇ ಮುಖ್ಯವಾದ ಪ್ರಶ್ನೆ ಅದು. ಹೊರಡುವ ಮುನ್ನವೇ ಅದನ್ನು ಕೇಳಿಕೊಂಡವರಿಗೆ ತಯಾರಿಗೆ ಎರಡು ವರ್ಷವಿರುತ್ತದೆ. ಪದವಿ ಪ್ರದಾನದ ನಂತರ ಕೇಳಿಕೊಂಡವರಿಗೆ ಉಳಿಯುವುದು ಕೆಲವೇ ವಾರ.